ದೆವ್ವಗಳ ಇರುಳು ಮಕ್ಕಳ ಹಬ್ಬವಾದ ಬಗೆ

ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಪ್ರತಿ ವರ್ಷ ಅಕ್ಟೋಬರ್ 31ರ ಸಂಜೆ ವೇಷ ಹಾಕಿದ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಪಡೆಯುವ ಹ್ಯಾಲೋವೀನ್ ಆಚರಣೆಯನ್ನು ಎರಡು ಸಾವಿರ ವರ್ಷಗಳ ಹಿಂದಿನ ಹಬ್ಬವೊಂದರ ಪಳೆಯುಳಿಕೆ ಎಂದು ವಿವರಿಸುವುದು ವಾಡಿಕೆ. ಹಬ್ಬದ ಬೇರುಗಳು ಹಳೆಯವೇ ಆಗಿದ್ದರೂ ಅದು ಮಕ್ಕಳ ಹಬ್ಬವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಊರಿನ ಪ್ರಮುಖರು, ಶಿಕ್ಷಕರು, ಅಲಂಕಾರ ಸಾಮಗ್ರಿಯ ವ್ಯಾಪಾರಿಗಳು ಮತ್ತು ಮನೆಯ ತಾಯಂದಿರು ಕೂಡಿ, ಕೆಲವೊಮ್ಮೆ ಪರಸ್ಪರ ಅರಿವಿಲ್ಲದೆಯೇ, ಅದನ್ನು ಹಾಗೆ ರೂಪಿಸಿದರು. ಈ ಹಬ್ಬವನ್ನು ಮಕ್ಕಳ ವಯಸ್ಸಿಗೆ ಒಗ್ಗಿಸಬೇಕೆಂಬ ಇಂದಿನ ಕಾಳಜಿಯ ಹಿಂದೆ ಹೀಗೆ ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಪೂರ್ವಾರ್ಧದಲ್ಲಿ ಹಿರಿಯರು ಹೆದರುತ್ತಿದ್ದದ್ದು ಮಕ್ಕಳಿಗೆ, ಉತ್ತರಾರ್ಧದಲ್ಲಿ ಹೆದರಿದ್ದು ಮಕ್ಕಳಿಗೇನಾದೀತೋ ಎಂದು. ದೆವ್ವಗಳ ಪಾಲು ಎರಡರಲ್ಲೂ ಅಲ್ಪವೇ.

ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಮ್ಯಾನ್ ದ್ವೀಪದಲ್ಲಿ ಕೆಲ್ಟಿಕ್ ನುಡಿಗಳನ್ನಾಡುವ ಜನ ನವೆಂಬರ್ ಮೊದಲ ದಿನ ಆಚರಿಸುತ್ತಿದ್ದ ಹಬ್ಬಕ್ಕೆ ಸೌಯಿನ್ ಎಂಬ ಹೆಸರಿತ್ತು. ಬೇಸಿಗೆಯ ಮೇವಿಗಾಗಿ ಬೆಟ್ಟ ಹತ್ತಿಸಿದ್ದ ದನಗಳನ್ನು ಇಳಿಸಿ ತಂದು ಚಳಿಗಾಲಕ್ಕೆ ಅಣಿಯಾಗುವ ಹೊತ್ತು ಅದು. ಇತ್ತ ಕ್ರೈಸ್ತ ಧರ್ಮದಲ್ಲಿ ಪೋಪ್ ಮೂರನೆಯ ಗ್ರೆಗರಿ ಎಂಟನೆಯ ಶತಮಾನದಲ್ಲಿ ರೋಮಿನ ಸಂತ ಪೀಟರ್ ದೇವಾಲಯದೊಳಗೆ ಸಕಲ ಸಂತರ ಹೆಸರಿನಲ್ಲಿ ಪ್ರಾರ್ಥನಾಮಂದಿರವೊಂದನ್ನು ಅರ್ಪಿಸಿದ ಮೇಲೆ, ಒಂಬತ್ತನೆಯ ಶತಮಾನದ ಹೊತ್ತಿಗೆ ನವೆಂಬರ್ 1 ಪಶ್ಚಿಮ ಯೂರೋಪಿನಲ್ಲಿ ಸಕಲ ಸಂತರ ದಿನವಾಗಿ ನೆಲೆಗೊಂಡಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ಅದರ ಮರುದಿನವನ್ನು ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದನು. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಸಂತ, ‘ಈವನ್’ ಎಂದರೆ ಸಂಜೆ. ಸಂತರ ದಿನದ ಮುನ್ನಾ ಸಂಜೆಯೇ ಹ್ಯಾಲೋವೀನ್. ಸೌಯಿನ್ ಹಬ್ಬದ ಎಷ್ಟು ಅಂಶ ಇದರೊಳಗೆ ಉಳಿದುಬಂದಿದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮನೆಮನೆಗೆ ಹೋಗುವ ಪದ್ಧತಿಯ ಎರಡು ಹಳೆಯ ರೂಪಗಳು ಬ್ರಿಟನ್ನಿನಲ್ಲಿ ಕಾಣಸಿಗುತ್ತವೆ. ಇಂಗ್ಲೆಂಡಿನ ‘ಸೋಲಿಂಗ್’ ಎಂಬ ಪದ್ಧತಿಯಲ್ಲಿ ಬಡವರೂ ಮಕ್ಕಳೂ ಉಳ್ಳವರ ಬಾಗಿಲಿಗೆ ಹೋಗಿ, ಆ ಮನೆಯ ಮೃತರ ಆತ್ಮಕ್ಕಾಗಿ ಪ್ರಾರ್ಥಿಸಿ, ಪ್ರತಿಯಾಗಿ ‘ಆತ್ಮದ ರೊಟ್ಟಿ’ ಎಂಬ ಸಣ್ಣ ಬ್ರೆಡ್ಡನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ‘ಗೈಸಿಂಗ್’, ಅಂದರೆ ವೇಷ ಕಟ್ಟುವುದು, ಇನ್ನಷ್ಟು ಲೌಕಿಕವಾಗಿತ್ತು: ಮುಖಕ್ಕೆ ಮಸಿ ಬಳಿದುಕೊಂಡೋ ಹಳೆಯ ಬಟ್ಟೆ ಸುತ್ತಿಕೊಂಡೋ ಬಂದವರು ಒಂದು ಹಾಡನ್ನೋ ಪದ್ಯವನ್ನೋ ಒಪ್ಪಿಸಿದ ಮೇಲೆಯೇ ಸೇಬು, ಬೀಜ, ಕಾಸುಗಳು ಅವರ ಕೈಸೇರುತ್ತಿದ್ದವು. ಎರಡರಲ್ಲೂ ಬಂದವರು ಏನನ್ನಾದರೂ ಕೊಟ್ಟೇ ಪಡೆಯುತ್ತಿದ್ದರು. ಆದರೆ ಹಬ್ಬದ ನಡುಮನೆ ಮಕ್ಕಳದ್ದಾಗಿರಲಿಲ್ಲ. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ‘ಹ್ಯಾಲೋವೀನ್’ ಕವನದಲ್ಲಿ ಬರುವವರು ಮದುವೆಯ ವಯಸ್ಸಿನ ಹಳ್ಳಿಯ ಯುವಕ ಯುವತಿಯರು. ಎರಡು ಬೀಜಗಳಿಗೆ ಪ್ರೇಮಿಗಳ ಹೆಸರಿಟ್ಟು ಒಲೆಯ ಕೆಂಡದಲ್ಲಿ ಹಾಕಿ, ಅವು ಜೊತೆಯಾಗಿ ಉರಿಯುತ್ತವೆಯೋ ಸಿಡಿದು ದೂರವಾಗುತ್ತವೆಯೋ ಎಂದು ನೋಡಿ ಮುಂದಿನ ಬಾಳಿನ ಶಕುನ ಕೇಳುವುದು ಅವರ ಆಟವಾಗಿತ್ತು.

ಹಬ್ಬದ ದೀಪಕ್ಕೂ ಇಂಥದೇ ಕಥೆಯಿದೆ. ಇಂದು ಕುಂಬಳಕಾಯಿಯಲ್ಲಿ ಕೊರೆಯುವ ‘ಜ್ಯಾಕ್-ಓ-ಲ್ಯಾಂಟರ್ನ್’ ಎಂಬ ಮುಖದ ದೀಪವನ್ನು ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಟರ್ನಿಪ್ ಎಂಬ ಗೆಡ್ಡೆಯಲ್ಲಿ ಕೊರೆಯುತ್ತಿದ್ದರು. ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿರುವ ಗ್ರಾಮೀಣ ಬದುಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಡೊನೆಗಾಲ್ ಜಿಲ್ಲೆಯ ಫಿನ್‌ಟೌನ್ ಎಂಬ ಊರಿನ ಶಾಲಾ ಶಿಕ್ಷಕಿಯೊಬ್ಬರು 1943ರಲ್ಲಿ ಒಪ್ಪಿಸಿದ ಅಂಥ ಗೆಡ್ಡೆಯ ಪ್ಲಾಸ್ಟರ್ ಅಚ್ಚು ಇದೆ. ಸುಕ್ಕುಗಟ್ಟಿದ ಹಣೆ, ಒಳಗೆ ಕುಸಿದ ಕಣ್ಣುಗುಳಿ, ಒಂದೆರಡೇ ಹಲ್ಲುಳಿದ ಬಾಯಿ ಇರುವ ಅದು ತೀರಿಹೋದ ಮುದುಕನ ತಲೆಯಂತೆ ಕಾಣುತ್ತದೆ. ಗಟ್ಟಿಯಾದ ಟರ್ನಿಪ್ಪಿನ ತಿರುಳನ್ನು ಕೆರೆದು ತೆಗೆಯುವುದು ದೊಡ್ಡವರ ಕೈಗೂ ಪ್ರಯಾಸದ ಕೆಲಸ. 1845ರಿಂದ ಐರ್ಲೆಂಡನ್ನು ಕಾಡಿದ ಆಲೂಗೆಡ್ಡೆಯ ಕ್ಷಾಮದ ದೆಸೆಯಿಂದ ಲಕ್ಷಾಂತರ ಮಂದಿ ಅಮೆರಿಕಕ್ಕೆ ವಲಸೆ ಹೋದರು. ಹೊಸ ನಾಡಿನಲ್ಲಿ ಈ ದೀಪಕ್ಕೆ ದೊರೆತದ್ದು ಅಲ್ಲಿಯದೇ ಬೆಳೆಯಾದ ಕುಂಬಳ. ಅದು ಆಯುಧಪೂಜೆಯಲ್ಲಿ ಒಡೆಯುವ ಬೂದುಗುಂಬಳದ ಜಾತಿಯದಲ್ಲ, ಸಾಂಬಾರಿಗೆ ಹಾಕುವ ಸಿಹಿಗುಂಬಳದ ಕಿತ್ತಳೆ ಬಣ್ಣದ ನಂಟ. ದೊಡ್ಡದಾದ, ನಡುವೆ ಟೊಳ್ಳಾದ ಈ ಕಾಯಿಯ ತಿರುಳನ್ನು ಚಮಚೆಯಿಂದ ಮಕ್ಕಳೇ ತೆಗೆಯಬಹುದಾಗಿತ್ತು. ಅದರ ಉರುಟು ಕೆನ್ನೆಯ ಮೇಲೆ ಕೊರೆದ ಮುಖ ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು. ಹಬ್ಬವನ್ನು ಮಕ್ಕಳಿಗೆ ಒಗ್ಗಿಸುವ ಮೊದಲ ಕೆಲಸವನ್ನು ಹೀಗೆ ಒಂದು ತರಕಾರಿಯೇ ಮಾಡಿತೆನ್ನಬಹುದು.

ವಲಸಿಗರೊಂದಿಗೆ ಬಂದ ಇನ್ನೊಂದು ಪರಂಪರೆ ಕೀಟಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಸಣ್ಣ ಊರುಗಳಲ್ಲಿ ಹ್ಯಾಲೋವೀನ್ ಎಂದರೆ ಹರೆಯದ ಹುಡುಗರ ದಾಂಧಲೆಯ ರಾತ್ರಿ ಎಂದೇ ಅರ್ಥವಾಗಿತ್ತು. ಬೇಲಿಯ ಗೇಟುಗಳನ್ನು ಕಿತ್ತೊಯ್ಯುವುದು, ಹಿತ್ತಲಿನ ಕಕ್ಕಸನ್ನು ಉರುಳಿಸುವುದು, ಬಂಡಿಯನ್ನು ಬಿಚ್ಚಿ ಕೊಟ್ಟಿಗೆಯ ಸೂರಿನ ಮೇಲೆ ಮರಳಿ ಜೋಡಿಸುವುದು, ಕಿಟಕಿಯ ಗಾಜಿಗೆ ಸಾಬೂನು ಬಳಿಯುವುದು ಅವರ ಸಾಹಸಗಳಾಗಿದ್ದವು. ಒಬ್ಬರನ್ನೊಬ್ಬರು ಬಲ್ಲ ಹಳ್ಳಿಯಲ್ಲಿ ಜನ ಮರುದಿನ ಗೊಣಗಿಕೊಂಡು ಗೇಟನ್ನು ಹುಡುಕಿ ತರುತ್ತಿದ್ದರು. ಆದರೆ ನಗರಗಳು ಬೆಳೆದು ರಸ್ತೆಗೆ ಮೋಟಾರು, ಮೂಲೆಗೆ ದೀಪದ ಕಂಬ ಬಂದಾಗ ಅದೇ ಕೀಟಲೆ ಆಸ್ತಿನಾಶವಾಗಿ ಕಾಣತೊಡಗಿತು. ಆರ್ಥಿಕ ಮುಗ್ಗಟ್ಟಿನ 1933ರ ಹ್ಯಾಲೋವೀನ್ ರಾತ್ರಿ ಹಲವು ನಗರಗಳಲ್ಲಿ ಕಾರುಗಳನ್ನು ಮಗುಚಿದ್ದು, ಬೀದಿಯ ನೀರಿನ ಕೊಳಾಯಿಗಳನ್ನು ತೆರೆದುಬಿಟ್ಟದ್ದು ‘ಕರಾಳ ಹ್ಯಾಲೋವೀನ್’ ಎಂಬ ಹೆಸರನ್ನೇ ಪಡೆಯಿತು. 1942ರಲ್ಲಂತೂ ಷಿಕಾಗೋ ನಗರಸಭೆ ಹ್ಯಾಲೋವೀನನ್ನು ಕೈಬಿಟ್ಟು, ಯುದ್ಧಕಾಲಕ್ಕೆ ತಕ್ಕಂತೆ ಆ ದಿನವನ್ನು ‘ಸಂರಕ್ಷಣಾ ದಿನ’ವೆಂದು ಆಚರಿಸಬೇಕೆಂದು ನಿರ್ಣಯಿಸಿತು.

ನಿಷೇಧಕ್ಕಿಂತ ಫಲಕಾರಿಯಾದ ಮಾರ್ಗವನ್ನು ಸಣ್ಣ ಊರೊಂದು ಅದಕ್ಕೂ ಮೊದಲೇ ಕಂಡುಕೊಂಡಿತ್ತು. ಹ್ಯಾಲೋವೀನ್ ಮರುದಿನ ಮುಖ್ಯಬೀದಿಯಲ್ಲಿ ಯಾರದೋ ಹಸುಗಳು ಅಡ್ಡಾಡುವುದನ್ನು ಕಂಡು ಬೇಸತ್ತಿದ್ದ ಮಿನೆಸೋಟ ರಾಜ್ಯದ ಅನೋಕಾ ಎಂಬ ಊರಿನ ಪ್ರಮುಖರು 1920ರಲ್ಲಿ ಮೆರವಣಿಗೆ, ಅಗ್ಗಿಷ್ಟಿಕೆ, ಮಕ್ಕಳಿಗೆ ಹುರಿದ ಜೋಳದರಳು ಮತ್ತು ಮಿಠಾಯಿ ಹಂಚಿಕೆಗಳನ್ನೊಳಗೊಂಡ ಊರೊಟ್ಟಿನ ಉತ್ಸವವನ್ನು ಏರ್ಪಡಿಸಿದರು. ಕೀಟಲೆಗೆ ಹೊರಡಬೇಕಾದ ಹುಡುಗರೇ ಮೆರವಣಿಗೆಯಲ್ಲಿ ಪಾತ್ರಧಾರಿಗಳಾದದ್ದು ಇದರ ಜಾಣತನ. ಅನೋಕಾ ಇಂದಿಗೂ ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಬೀದಿಯಲ್ಲಿ ಊರು ಮಾಡಿದ ಈ ಕೆಲಸವನ್ನು ಮನೆಯೊಳಗೆ ಮಾಡಿದ್ದು ಮಾರುಕಟ್ಟೆ: ಮ್ಯಾಸಚೂಸೆಟ್ಸ್‌ನ ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿ ಮೊದಲ ಬಾರಿಗೆ ಹೊರತಂದ ‘ಬೋಗಿ ಬುಕ್’ ಎಂಬ ಕೈಪಿಡಿಯ ಸರಣಿಯಲ್ಲಿ, ನೆರಿಗೆಯ ಬಣ್ಣದ ಕಾಗದದಿಂದ ಮಾಟಗಾತಿಯ ಟೋಪಿ, ಬೆಕ್ಕು ಬಾವಲಿಗಳ ತೋರಣ, ಮೇಜಿನ ಹೊದಿಕೆ ಮಾಡುವ ಬಗೆಯನ್ನೂ ಪಾರ್ಟಿಯ ಆಟಗಳನ್ನೂ ವಿವರಿಸಲಾಗುತ್ತಿತ್ತು. ಮದುವೆಯ ಶಕುನ ಹೇಳುತ್ತಿದ್ದ ಸೇಬು ಇಂಥ ಪಾರ್ಟಿಗಳಲ್ಲಿ, ನೀರಿನ ತೊಟ್ಟಿಯಲ್ಲಿ ತೇಲುವ ಹಣ್ಣನ್ನು ಕೈ ಮುಟ್ಟಿಸದೆ ಬಾಯಿಂದ ಕಚ್ಚಿ ಹಿಡಿಯುವ ಮಕ್ಕಳಾಟವಾಗಿ ಉಳಿಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಮ್ಯಾಸಚೂಸೆಟ್ಸ್‌ನ ಗ್ರಂಥಪಾಲಕಿ ರೂತ್ ಎಡ್ನಾ ಕೆಲಿ 1919ರಲ್ಲಿ ಪ್ರಕಟಿಸಿದ ಹ್ಯಾಲೋವೀನ್ ಕುರಿತ ಪುಸ್ತಕದ ಅಮೆರಿಕದ ಅಧ್ಯಾಯದಲ್ಲಿ ಮಕ್ಕಳು ಮಿಠಾಯಿ ಕೇಳುತ್ತ ಮನೆಮನೆಗೆ ಹೋಗುವ ಪ್ರಸ್ತಾಪವೇ ಇಲ್ಲ. ‘ಟ್ರಿಕ್ ಆರ್ ಟ್ರೀಟ್’ ಎಂಬ ನುಡಿಯ ಆರಂಭದ ಮುದ್ರಿತ ಉಲ್ಲೇಖಗಳು ಸಿಗುವುದು ಕೆನಡಾದ ಪತ್ರಿಕೆಗಳಲ್ಲಿ. 1927ರ ನವೆಂಬರಿನಲ್ಲಿ ಆಲ್ಬರ್ಟಾ ಪ್ರಾಂತದ ಬ್ಲ್ಯಾಕಿ ಎಂಬ ಊರಿನ ಸುದ್ದಿಯಲ್ಲಿ ಅದು ಕಾಣಿಸಿಕೊಂಡಿದೆ. ‘ತಿಂಡಿ ಕೊಡಿ, ಇಲ್ಲವೇ ಕೀಟಲೆ ಅನುಭವಿಸಿ’ ಎಂಬ ಈ ಬೆದರಿಕೆಯಲ್ಲಿ ಹಳೆಯ ದಾಂಧಲೆ ಮೂರು ಪದಗಳಿಗೆ ಇಳಿದಿದೆ: ಗೇಟು ಕೀಳುವ ಹಕ್ಕನ್ನು ಮಕ್ಕಳು ಒಂದು ಹಿಡಿ ಮಿಠಾಯಿಗೆ ಬಿಟ್ಟುಕೊಟ್ಟರು. 1942ರಿಂದ 1947ರವರೆಗೆ ಅಮೆರಿಕದಲ್ಲಿ ಸಕ್ಕರೆ ಪಡಿತರ ಜಾರಿಯಲ್ಲಿದ್ದುದರಿಂದ ತಡೆದಿದ್ದ ಈ ಪದ್ಧತಿ, ಯುದ್ಧಾನಂತರ ತಲೆಯೆತ್ತಿದ ಹೊಸ ಬಡಾವಣೆಗಳಲ್ಲಿ, ಸಣ್ಣ ಮಕ್ಕಳಿರುವ ಸಂಸಾರಗಳು ಸಾಲುಮನೆಗಳಲ್ಲಿ ನೆಲೆಸಿದ್ದ ಕಡೆ, ವೇಗವಾಗಿ ಹಬ್ಬಿತು. 1950ರಲ್ಲಿ ಫಿಲಡೆಲ್ಫಿಯಾದ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮಾ ಆಲಿಸನ್ ತಮ್ಮ ಬಳಗದ ಮಕ್ಕಳ ಕೈಗೆ ಬಣ್ಣ ಬಳಿದ ಹಾಲಿನ ರಟ್ಟಿನ ಡಬ್ಬಿಗಳನ್ನು ಕೊಟ್ಟು, ಮಿಠಾಯಿಯ ಬದಲು ಯುದ್ಧಪೀಡಿತ ದೇಶಗಳ ಮಕ್ಕಳಿಗಾಗಿ ಚಿಲ್ಲರೆ ಕೇಳಿಸಿದರು. ಆ ಸಂಜೆ ಕೂಡಿದ 17 ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಹೋಯಿತು. ಮುಂದೆ ಕಿತ್ತಳೆ ಬಣ್ಣದ ಯುನಿಸೆಫ್ ಡಬ್ಬಿ ಶಾಲೆಗಳ ಮೂಲಕ ದೇಶವಿಡೀ ಪ್ರಚಾರ ಪಡೆಯಿತು. ಮೃತರಿಗಾಗಿ ಪ್ರಾರ್ಥಿಸಿ ರೊಟ್ಟಿ ಪಡೆಯುತ್ತಿದ್ದ ಸೋಲಿಂಗ್ ಪದ್ಧತಿ ಇಲ್ಲಿ ಬದುಕಿರುವವರಿಗಾಗಿ ಬೇಡುವ ರೂಪ ತಳೆಯಿತು.

ಬೀದಿ ಶಾಂತವಾದೊಡನೆ ಭಯ ಮಗ್ಗುಲು ಬದಲಿಸಿತು. ಬೇಗ ಹೊತ್ತಿಕೊಳ್ಳುವ ಬಟ್ಟೆಯ ಕೌಬಾಯ್ ವೇಷಗಳಿಂದ ಮಕ್ಕಳು ಸುಟ್ಟುಕೊಂಡ ಘಟನೆಗಳು 1953ರ ದಹನಶೀಲ ಬಟ್ಟೆಗಳ ಕಾಯಿದೆಗೆ ಒಂದು ಕಾರಣವಾದವು. ಅರವತ್ತರ ದಶಕದಿಂದ ಸೇಬಿನೊಳಗೆ ಬ್ಲೇಡು, ಮಿಠಾಯಿಯಲ್ಲಿ ವಿಷ ಎಂಬ ವದಂತಿಗಳು ಹಬ್ಬಿದವು. 1974ರಲ್ಲಿ ಟೆಕ್ಸಾಸ್‌ನಲ್ಲಿ ಮಗುವೊಂದು ಹ್ಯಾಲೋವೀನ್ ಮಿಠಾಯಿಯ ಸಯನೈಡಿನಿಂದ ಸತ್ತಿತಾದರೂ ಅದನ್ನು ಬೆರೆಸಿದವನು ಅಪರಿಚಿತನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಸ್ವಂತ ತಂದೆ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಮುಂದಿನ ಪತ್ರಿಕಾ ವರದಿಗಳನ್ನು ಸಹಲೇಖಕರೊಂದಿಗೆ ಜಾಲಾಡಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರು ಹಂಚಿದ ಮಿಠಾಯಿಯಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ದೃಢಪಡಲಿಲ್ಲ. ಹಾಗಿದ್ದರೂ ಆಸ್ಪತ್ರೆಗಳು ಮಕ್ಕಳ ಚೀಲಗಳನ್ನು ಎಕ್ಸ್-ರೇ ಮಾಡಿಕೊಟ್ಟವು, ಮನೆಯಲ್ಲಿ ಮಾಡಿದ ತಿಂಡಿಯ ಜಾಗವನ್ನು ಕಾರ್ಖಾನೆಯ ಪೊಟ್ಟಣ ಆಕ್ರಮಿಸಿತು, ತಂದೆತಾಯಿ ಮಕ್ಕಳ ಹಿಂದೆಯೇ ನಡೆಯತೊಡಗಿದರು.

ವಯಸ್ಸಿಗೆ ತಕ್ಕ ಭಯ ಎಷ್ಟು ಎಂಬ ಪ್ರಶ್ನೆಗೆ ಮನೋವಿಜ್ಞಾನದಿಂದಲೂ ಒಂದು ಬೆಳಕು ದೊರೆಯಿತು. 1969ರಲ್ಲಿ ಪ್ರಕಟವಾದ ರೀಟಾ ಡಿವ್ರೀಸ್ ಅವರ ಪ್ರಯೋಗದಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ತಂದು, ಅದರ ಹಿಂಬದಿ ಕಾಣುವಂತೆಯೇ ಇರಿಸಿಕೊಂಡು ಮುಖಕ್ಕೆ ನಾಯಿಯ ಮುಖವಾಡ ತೊಡಿಸಲಾಯಿತು. ಮೂರು ವರ್ಷದವರಲ್ಲಿ ಹಲವರು ಬೆಕ್ಕು ನಾಯಿಯೇ ಆಯಿತೆಂದು ನಂಬಿದರು, ಆರು ವರ್ಷದವರು ಮುಖವಾಡದೊಳಗಿರುವುದು ಬೆಕ್ಕೇ ಎಂದು ತಿಳಿದಿದ್ದರು. ಎಳೆಯ ಮಗು ಮಾಟಗಾತಿಯ ವೇಷ ತೊಟ್ಟ ತನ್ನ ಶಿಕ್ಷಕಿಯನ್ನೇ ಕಂಡು ಅಳುವುದು ಹೇಡಿತನದಿಂದಲ್ಲ, ವೇಷ ಮತ್ತು ವ್ಯಕ್ತಿ ಬೇರೆಯೆಂಬ ತಿಳಿವು ಇನ್ನೂ ಗಟ್ಟಿಯಾಗದಿರುವುದರಿಂದ ಎಂಬುದು ಇದರಿಂದ ಗ್ರಹಿಸಬಹುದಾದ ಸಂಗತಿ. ಶಿಶುವಿಹಾರಗಳಲ್ಲಿ ಮುಖ ಮುಚ್ಚದ ವೇಷಗಳಿಗೆ, ಕುಂಬಳದ ಬೀಜ ಎಣಿಸುವ, ಕಾಯಿ ನೀರಿನಲ್ಲಿ ತೇಲುವುದೋ ಮುಳುಗುವುದೋ ಎಂದು ಊಹಿಸುವ ಆಟಗಳಿಗೆ ಒತ್ತು ಕೊಡುವುದೂ, ಭೂತಬಂಗಲೆಯಂಥ ರೋಮಾಂಚನಗಳನ್ನು ದೊಡ್ಡ ಮಕ್ಕಳಿಗೆ ಮೀಸಲಿಡುವುದೂ ಈ ತಿಳಿವಿಗೆ ಹೊಂದುತ್ತವೆ. ಧಾರ್ಮಿಕ ಕಾರಣಗಳಿಂದ ಹ್ಯಾಲೋವೀನ್ ಆಚರಿಸದ ಕುಟುಂಬಗಳನ್ನು ಗಮನದಲ್ಲಿಟ್ಟು ಹಲವು ಶಾಲೆಗಳು ಅದನ್ನು ಸುಗ್ಗಿಯ ಹಬ್ಬವಾಗಿಯೋ ಕಥಾಪುಸ್ತಕದ ಪಾತ್ರಗಳ ಮೆರವಣಿಗೆಯಾಗಿಯೋ ಬದಲಾಯಿಸಿಕೊಂಡಿವೆ. ಕಡಲೆಕಾಯಿ, ಹಾಲು ಮೊದಲಾದವು ಒಗ್ಗದ ಮಕ್ಕಳಿಗಾಗಿ ಟೆನೆಸೀ ರಾಜ್ಯದಲ್ಲಿ ಆರಂಭವಾಗಿ 2014ರಲ್ಲಿ ರಾಷ್ಟ್ರವ್ಯಾಪಿಯಾದ ಪದ್ಧತಿಯ ಪ್ರಕಾರ, ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳ ಮೆಟ್ಟಿಲ ಮೇಲಿದ್ದರೆ ಆ ಮನೆಯಲ್ಲಿ ತಿನಿಸಲ್ಲದ ಸಣ್ಣ ಆಟಿಕೆಗಳೂ ಸಿಗುತ್ತವೆಂದು ಅರ್ಥ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಹಬ್ಬ ರಾಜ್ಯೋತ್ಸವದ ಹಿಂದಿನ ದಿನವೇ ಬರುತ್ತದೆ. ಕೆಲವು ವರ್ಷ ದೀಪಾವಳಿಯೂ ಅದೇ ವಾರ ಬಂದು, ಹಣತೆಯೂ ಕುಂಬಳದ ದೀಪವೂ ಒಂದೇ ಹೊಸ್ತಿಲ ಬಳಿ ಕೂಡುತ್ತವೆ. ಹೊಸದಾಗಿ ಬಂದವರು ಈ ಹಬ್ಬದ ಬಗ್ಗೆ ಮೊದಲು ಕಲಿಯುವ ನಿಯಮ ಯಾವ ಶಾಸನದಲ್ಲೂ ಇಲ್ಲ: ಮುಂಬಾಗಿಲಿನ ದೀಪ ಉರಿಯುತ್ತಿದ್ದರೆ ಮಕ್ಕಳು ಕದ ತಟ್ಟಬಹುದು, ಆರಿದ್ದರೆ ಮುಂದಿನ ಮನೆಗೆ ಹೋಗಬೇಕು. ನೂರು ವರ್ಷಗಳ ಹಿಂದೆ ಈ ರಾತ್ರಿ ಮನೆಗಳ ಗೇಟುಗಳೇ ಮಾಯವಾಗುತ್ತಿದ್ದವು ಎಂಬುದನ್ನು ನೆನೆದರೆ, ಆ ಕತ್ತಲೆಯ ಬಾಗಿಲನ್ನು ಮುಟ್ಟದೆ ದಾಟಿಹೋಗುವ ಮಕ್ಕಳ ಸಾಲಿನಲ್ಲಿ ಈ ಚರಿತ್ರೆಯ ಸಾಧನೆ ಕಾಣುತ್ತದೆ.