ನಾಲ್ಕು ಭುಜ ಅಳೆದರೆ ಸಾಕೇ?



ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯಲ್ಲಿರುವ ಬ್ಯಾಡರಹಳ್ಳಿ ಒಂದು ಕಾಲಕ್ಕೆ ಹಳ್ಳಿ, ಇಂದು ಬಡಾವಣೆಗಳ ಊರು. ಇಂಥ ಕಡೆ ‘ಥರ್ಟಿ ಫಾರ್ಟಿ ಸೈಟು’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅಂದರೆ 30 ಅಡಿ ಅಗಲ, 40 ಅಡಿ ಉದ್ದ, 1,200 ಚದರ ಅಡಿ. ಇಷ್ಟು ಹೇಳಿದರೆ ನಿವೇಶನದ ಆಕಾರ ತಿಳಿದಂತಾಯಿತೇ? ಈ ಪ್ರಶ್ನೆಗೆ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ನಾಡಿನದೇ.

ಕ್ರಿ.ಶ. 850ರ ಸುಮಾರು. ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದನು. ಅವನ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಚತುರ್ಭುಜಗಳು ಐದು ಬಗೆ: ನಾಲ್ಕೂ ಭುಜ ಸಮನಾದ ಸಮ, ಎದುರುಬದುರು ಭುಜಗಳು ಸಮನಾದ ದ್ವಿದ್ವಿಸಮ, ಎರಡು ಭುಜ ಸಮನಾದ ದ್ವಿಸಮ, ಮೂರು ಸಮನಾದ ತ್ರಿಸಮ, ಯಾವುದೂ ಸಮನಲ್ಲದ ವಿಷಮ. ಎಷ್ಟು ಅಚ್ಚುಕಟ್ಟು ನೋಡಿ! ಆದರೆ ಈ ಹೆಸರುಗಳಲ್ಲಿ ಭುಜಗಳ ಮಾತುಂಟು, ಕೋನಗಳ ಮಾತಿಲ್ಲ.

ಕ್ಷೇತ್ರಫಲಕ್ಕೆ ಅವರು ಎರಡು ಬಗೆಯ ಲೆಕ್ಕ ಹೇಳಿದರು: ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಲೆಕ್ಕ ಮತ್ತು ಸೂಕ್ಷ್ಮ ಲೆಕ್ಕ. ಎದುರು ಭುಜಗಳ ಸರಾಸರಿ ತೆಗೆದು ಗುಣಿಸುವುದು ಸ್ಥೂಲ ವಿಧಾನ. ನಮ್ಮ ನಿವೇಶನಕ್ಕೆ ಇದು 1,200 ಎನ್ನುತ್ತದೆ. ಈಗ ಆ ನಿವೇಶನ ಒಂದು ಪಕ್ಕಕ್ಕೆ ವಾಲಿದೆ ಎನ್ನಿ. ಭುಜಗಳು ಅವೇ 30, 40, 30, 40. ಆದರೆ 40 ಅಡಿಯ ಎರಡು ಭುಜಗಳ ನಡುವಿನ ಲಂಬ 27 ಅಡಿ ಮಾತ್ರ. ಆಗ ಕ್ಷೇತ್ರಫಲ 1,080. ಕೊಂಡವರಿಗೆ 120 ಚದರ ಅಡಿ, ಅಂದರೆ ಒಂದು ಕೋಣೆಯಷ್ಟು ಜಾಗವೇ ನಷ್ಟ!

ಕ್ರಿ.ಶ. 1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಈ ಅಂಶವನ್ನೇ ಎತ್ತಿ ತೋರಿಸಿದರು. ಭುಜಗಳು ಅವೇ ಇದ್ದರೂ ಚತುರ್ಭುಜದ ಕರ್ಣಗಳು ಬದಲಾಗಬಹುದು; ಆದ್ದರಿಂದ ಒಂದು ಕರ್ಣವನ್ನೋ ಲಂಬವನ್ನೋ ಹೇಳದೆ ನಿಶ್ಚಿತ ಕ್ಷೇತ್ರಫಲ ಕೇಳುವುದು ಸರಿಯಲ್ಲ ಎಂದರು.

ಇನ್ನು ತರಗತಿಗೆ ಬರೋಣ. ಚೌಕವೊಂದನ್ನು ಮೂಲೆಯ ಮೇಲೆ ನಿಲ್ಲಿಸಿ ತೋರಿಸಿದರೆ ಚಿಕ್ಕ ಮಕ್ಕಳು ಅದು ಚೌಕವಲ್ಲ, ವಜ್ರ ಎನ್ನುವುದುಂಟು. 1957ರಲ್ಲಿ ನೆದರ್ಲೆಂಡಿನ ವಾನ್ ಹೀಲೆ ದಂಪತಿಗಳು ಇದಕ್ಕೆ ವಿವರಣೆ ನೀಡಿದರು. ಮಗು ಮೊದಲು ಆಕೃತಿಯ ಒಟ್ಟು ನೋಟವನ್ನು ಗುರುತಿಸುತ್ತದೆ, ಆಮೇಲೆ ಗುಣಗಳನ್ನು, ಕೊನೆಗೆ ಗುಣಗಳ ನಡುವಿನ ಸಂಬಂಧವನ್ನು. ಆ ಮೂರನೆಯ ಮೆಟ್ಟಿಲು ಹತ್ತಿದವರಿಗೇ ‘ಪ್ರತಿ ಚೌಕವೂ ಒಂದು ಆಯತ’ ಎಂಬ ಮಾತು ಅರ್ಥವಾಗುವುದು. ಗ್ರೀಸಿನ ಯೂಕ್ಲಿಡ್ ಕೂಡ ಚೌಕವನ್ನೂ ಆಯತವನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದನು. ಆದ್ದರಿಂದ ತಮ್ಮ ತಂಗಿಯರು ತಪ್ಪಿದರೆ ನಗಬೇಡಿ, ‘ಇದರ ಕೋನಗಳು ಎಷ್ಟು?’ ಎಂದು ಕೇಳಿ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಮನೆಯ ನಿವೇಶನದ ಅಥವಾ ಶಾಲೆಯ ಕೊಠಡಿಯ ಭುಜಗಳ ಜೊತೆಗೆ ಎರಡು ಕರ್ಣಗಳನ್ನೂ ಹಗ್ಗದಿಂದ ಅಳೆಯಿರಿ. ಎದುರು ಭುಜಗಳು ಸಮನಾಗಿದ್ದು ಕರ್ಣಗಳೂ ಸಮನಾಗಿದ್ದರೆ ಅದು ಆಯತವೇ. 30 ಮತ್ತು 40 ಅಡಿಯ ನಿವೇಶನಕ್ಕೆ ಎರಡೂ ಕರ್ಣ 50 ಅಡಿ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಮೂಲೆ ವಾಲಿದೆ ಎಂದೇ ಅರ್ಥ.