ಸಾಮಾನಗಡದ ಮಾಳ

ಕೊಲ್ಲಾಪುರ ಜಿಲ್ಲೆಯ ದಕ್ಷಿಣಭಾಗದಲ್ಲಿ, ಹಿರಣ್ಯಕೇಶೀ ನದಿಯ ದಡದ ಗಡಹಿಂಗ್ಲಜ ಪಟ್ಟಣವನ್ನು ಬಿಟ್ಟು ಚಿಂಚೇವಾಡಿಯ ಮಾರ್ಗವಾಗಿ ಏರುತ್ತ ಹೋದವರಿಗೆ, ಕಬ್ಬಿನ ಗದ್ದೆಗಳೂ ಮೆಣಸಿನಕಾಯಿಯ ಹೊಲಗಳೂ ಹಿಂದಾಗಿ, ಮರಗಿಡಗಳು ವಿರಳವಾಗಿ, ಗಾಳಿಗೆ ತಡೆಯೆಂಬುದೇ ಇಲ್ಲದ ವಿಶಾಲವಾದ ಮಾಳವೊಂದು ಎದುರಾಗುವುದು. ಆ ಮಾಳದ ತುದಿಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 3000 ಅಡಿ ಎತ್ತರದಲ್ಲಿ, ಮೊರದ ಆಕೃತಿಯಲ್ಲಿ ಹರಡಿಕೊಂಡು ನಿಂತಿರುವುದೇ ಸಾಮಾನಗಡ. ಪನ್ಹಾಳದ ಘನತೆಯಾಗಲಿ, ವಿಶಾಲಗಡದ ದುರ್ಗಮತೆಯಾಗಲಿ ಇದಕ್ಕಿಲ್ಲ. ವಿಸ್ತಾರದಲ್ಲಿ ಅವೆರಡಕ್ಕೂ ಕಿರಿದು. ಆದರೂ ಇದನ್ನು ಯಾರು ಕಟ್ಟಿದರು, ಎಂದು ಕಟ್ಟಿದರು ಎಂಬ ಪ್ರಶ್ನೆಯನ್ನು ಎತ್ತಿದೊಡನೆ, ಈ ಚಿಕ್ಕ ಗಡವು ನಮ್ಮನ್ನು ಸಾವಿರದ ಇನ್ನೂರು ವರ್ಷಗಳ ಹಿಂದಕ್ಕೆ ಕರೆದೊಯ್ದು, ಕನ್ನಡನಾಡಿನ ಚರಿತ್ರೆಯ ಒಂದು ಮಹಾಸಂಧಿಯ ಎದುರಿಗೆ ನಿಲ್ಲಿಸುವುದು.

ಗಡದ ಮಾತಿಗೆ ಮುನ್ನ ಅದರ ಕಲ್ಲಿನ ಮಾತನ್ನು ಹೇಳಬೇಕು. ಈ ಮಾಳದ ಮೇಲ್ಮೈಯೆಲ್ಲ ಜಂಬಿಟ್ಟಿಗೆ. ದಖ್ಖಣದ ಕರಿಶಿಲೆಯು ಯುಗಯುಗಗಳ ಮಳೆಬಿಸಿಲುಗಳಿಗೆ ಸಿಕ್ಕಿ ಶಿಥಿಲವಾಗಿ, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳು ಮಾತ್ರ ಉಳಿದು ಹೆಪ್ಪುಗಟ್ಟಿದ ಕೆಂಪುಕಲ್ಲು ಇದು. 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ನೆಲದೊಳಗೆ ಇರುವಾಗ ಇದು ಮೃದುವೆಂದೂ, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದೆಂದೂ ವರ್ಣಿಸಿ ಜಗತ್ತಿನ ಭೂಶಾಸ್ತ್ರಜ್ಞರಿಗೆ ಪರಿಚಯಿಸಿದನು. ನಮ್ಮ ಗೌಂಡಿಗಳಿಗೆ ಆ ಗುಣವು ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ತಿಳಿದಿದ್ದಿತು. ಸಾಮಾನಗಡದ ಗೋಡೆ, ಬುರುಜು, ಬಾವಿಗಳೇ ಅದಕ್ಕೆ ಸಾಕ್ಷಿ.

ಆ ಬಾವಿಗಳನ್ನು ನೋಡಿಯೇ ತಿಳಿಯಬೇಕು. ಅವುಗಳಲ್ಲಿ ಸಾತಕಮಾನಿ ಎಂದು ಪ್ರಸಿದ್ಧವಾದುದಕ್ಕೆ ಬಂಡೆಯನ್ನು ಸೀಳಿ ಇಳಿಸಿದ ಸೋಪಾನಮಾರ್ಗವುಂಟು. ಒಂದರ ಹಿಂದೊಂದಾಗಿ ಏಳು ಕಮಾನುಗಳನ್ನು ದಾಟಿ ನೀರಿನ ಬಳಿಗೆ ಸಾಗಬೇಕು. ಮೆಟ್ಟಿಲಿಳಿದಂತೆ ಮೇಲಿನ ಗಾಳಿಯ ಸದ್ದು ಅಡಗುವುದು. ಬಿಸಿಲು ಕಮಾನುಗಳ ನಡುವಣ ತೆರಪಿನಿಂದ ಪಟ್ಟೆಪಟ್ಟೆಯಾಗಿ ಬೀಳುವುದು. ಪಕ್ಕದ ಭಿತ್ತಿಯನ್ನು ಕೈಯಿಂದ ಸವರಿದರೆ ಜಂಬಿಟ್ಟಿಗೆಯ ಸಾವಿರಾರು ರಂಧ್ರಗಳಲ್ಲಿ ನೆಲೆಸಿದ ತೇವವೂ ಹಾವಸೆಯೂ ಬೆರಳಿಗೆ ತಾಗುವುವು. ಹೀಗೆ ಬಾವಿ ತೋಡುವಾಗ ತೆಗೆದ ಕಲ್ಲೇ ಮೇಲೆ ಗೋಡೆಯಾಯಿತೆಂದು ಊಹಿಸುವುದು ಯುಕ್ತವಾಗಿದೆ. ಕಾವಲಿಗೂ ನೀರಿಗೂ ಒಂದೇ ದುಡಿಮೆ ಸಾಕಾದ ಈ ಯುಕ್ತಿಯನ್ನು ಕಂಡು ನಾನು ಆ ಅಜ್ಞಾತ ಶಿಲ್ಪಿಗಳಿಗೆ ಮನಸ್ಸಿನಲ್ಲಿಯೇ ವಂದಿಸಿದ್ದೇನೆ.

ಆದರೆ ಇದೇ ಕಲ್ಲು ಚರಿತ್ರಕಾರನಿಗೆ ದೊಡ್ಡ ವಿಘ್ನವನ್ನು ಒಡ್ಡಿದೆ. ರಂಧ್ರಮಯವಾದ ಜಂಬಿಟ್ಟಿಗೆಯಲ್ಲಿ ಸೂಕ್ಷ್ಮವಾದ ಕೆತ್ತನೆ ನಿಲ್ಲದು, ಅಕ್ಷರ ಬಹುಕಾಲ ಉಳಿಯದು. ಇದೇ ಜಿಲ್ಲೆಯಲ್ಲಿ, ಕೃಷ್ಣಾತೀರದ ಖಿದ್ರಾಪುರದಲ್ಲಿ, ಕೋಪೇಶ್ವರ ದೇವಾಲಯವು ಕರಿಕಲ್ಲಿನದಾದುದರಿಂದ ಅದರ ಸ್ತಂಭಗಳೂ ಗಜಪೀಠವೂ ತಮ್ಮ ಕಾಲವನ್ನು ತಾವೇ ಸಾರುತ್ತಿವೆ. ಯಾದವ ಸಿಂಘಣನ ಶಾಸನವೂ ಅಲ್ಲಿ ನಿಂತಿದೆ. ಈ ಸೀಮೆಯ ಹಳ್ಳಿಗಳ ವೀರಗಲ್ಲುಗಳನ್ನಾದರೂ ನೋಡಿರಿ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವ ವೀರ, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯಚಂದ್ರರು, ಹೆಸರು ಇಲ್ಲದಿದ್ದರೂ ಕೆತ್ತನೆಯ ರೀತಿಯಿಂದ ಕಾಲವನ್ನು ಸ್ಥೂಲವಾಗಿ ಅಳೆಯಬಹುದು. ಸಾಮಾನಗಡದ ಕೆಂಪುಗೋಡೆಯಲ್ಲಿ ಅಂತಹ ಆಧಾರವಿಲ್ಲ. ಆದುದರಿಂದಲೇ ಈ ಗಡದ ಚರಿತ್ರೆಯನ್ನು ಕಲ್ಲು ಹೇಳದೆ, ಜನರ ನಾಲಗೆಯೂ, ತಾಮ್ರದ ಹಲಗೆಯೂ, ಸರಕಾರದ ಕಾಗದವೂ ಹಂಚಿಕೊಂಡು ಹೇಳಬೇಕಾಗಿದೆ.

ಜನರ ನಾಲಗೆ ಹೇಳುವುದು ಭೋಜರಾಜನ ಹೆಸರನ್ನು. ಕೊಲ್ಲಾಪುರದ ಶಿಲಾಹಾರ ವಂಶದ ಕೊನೆಯ ಅರಸನಾದ ಇಮ್ಮಡಿ ಭೋಜನು 15 ದುರ್ಗಗಳನ್ನು ಕಟ್ಟಿಸಿದನೆಂದೂ, ಭುದರಗಡ, ರಾಂಗಣಾಗಳಂತೆ ಸಾಮಾನಗಡವೂ ಅವುಗಳಲ್ಲೊಂದೆಂದೂ ಐತಿಹ್ಯವಿದೆ. ಇದು ಪರಂಪರೆಯ ಮಾತೇ ಹೊರತು ಶಾಸನದ ಮಾತಲ್ಲ. ಆದರೂ ತಳ್ಳಿಹಾಕುವಂತಹದಲ್ಲ. ಈ ಶಿಲಾಹಾರರು ಮಹಾಲಕ್ಷ್ಮಿಯ ವರಪ್ರಸಾದವನ್ನು ಪಡೆದವರೆಂದು ಹೇಳಿಕೊಂಡವರು; ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಗಡಹಿಂಗ್ಲಜದ ನೆರೆಯ ಆಜರೆಯಲ್ಲಿ, ಅಂದಿನ ಆಜುರಿಕೆಯಲ್ಲಿ, ಅದೇ ವಂಶದ ಗಂಡರಾದಿತ್ಯನು ಕಟ್ಟಿಸಿದ ತ್ರಿಭುವನತಿಲಕ ಜಿನಾಲಯದಲ್ಲಿ ಕುಳಿತು ಸೋಮದೇವನೆಂಬ ಜೈನಯತಿಯು ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣಗ್ರಂಥವನ್ನು 1205ರಲ್ಲಿ ಮುಗಿಸಿದನು. ಆಗ ಆಳುತ್ತಿದ್ದವನು ಇದೇ ವೀರಭೋಜ. ಜೈನೇಂದ್ರ ವ್ಯಾಕರಣಕ್ಕೆ ವ್ಯಾಖ್ಯಾನ ಬರೆಯುವಷ್ಟು ನೆಮ್ಮದಿ ಈ ಸೀಮೆಯಲ್ಲಿ ನೆಲೆಸಿದ್ದಿತೆಂದ ಮೇಲೆ, ಅದನ್ನು ಕಾಯುವ ಕೋಟೆಯೊಂದು ಸಮೀಪದಲ್ಲಿ ಇದ್ದಿರಬಹುದೆಂಬುದು ಅಸಂಭಾವ್ಯವಲ್ಲ. ಏಳೆಂಟು ವರ್ಷಗಳೊಳಗೆ ಸಿಂಘಣನು ಪನ್ಹಾಳದಲ್ಲಿ ಭೋಜನನ್ನು ಸೋಲಿಸಿ ಆ ರಾಜ್ಯವನ್ನೇ ಮುಗಿಸಿದನು.

ತಾಮ್ರದ ಹಲಗೆ ಇನ್ನೂ ನಾಲ್ಕೂವರೆ ಶತಮಾನ ಹಿಂದಕ್ಕೆ ಹೋಗುವುದು. ರಾಷ್ಟ್ರಕೂಟ ದಂತಿದುರ್ಗನ, ಶಕವರ್ಷ 675ರ, ಎಂದರೆ ಕ್ರಿ.ಶ. 754ರ ಸುಪ್ರಸಿದ್ಧ ದಾನಶಾಸನವು ದೊರೆತದ್ದು ಇಲ್ಲಿಯೇ. ಶಾಸನತಜ್ಞರಾದ ಫ್ಲೀಟರು ಅದನ್ನು ‘ಇಂಡಿಯನ್ ಆಂಟಿಕ್ವರಿ’ಯ 11ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದ ತರುವಾಯ ಸಾಮಾನಗಡದ ಹೆಸರು ವಿದ್ವಜ್ಜನರಿಗೆಲ್ಲ ಪರಿಚಿತವಾಯಿತು. ಕಂಚಿಯ ಅರಸನನ್ನೂ, ಕೇರಳ, ಚೋಳ, ಪಾಂಡ್ಯರನ್ನೂ, ಶ್ರೀಹರ್ಷನನ್ನೂ, ವಜ್ರಟನನ್ನೂ ಸೋಲಿಸಿದ ಕರ್ಣಾಟಕಬಲವನ್ನು ದಂತಿದುರ್ಗನು ಕೆಲವೇ ಭೃತ್ಯರೊಡನೆ ಗೆದ್ದನೆಂದು ಅದು ಹೇಳುವುದು. ಬಾದಾಮಿಯ ಚಾಲುಕ್ಯರ ಸೈನ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಅವರ ಮಿತ್ರರೂ ಬರೆಸಲಿಲ್ಲ. ಗೆದ್ದವನ ಬಾಯಿಂದ ಸೋತವರ ಕೀರ್ತಿ ಹೀಗೆ ಹೊರಟಿರುವುದು ನನಗೆ ಎಷ್ಟು ಸಲ ಓದಿದರೂ ರೋಮಾಂಚನವನ್ನುಂಟುಮಾಡುವ ಸಂಗತಿ.

ಆದರೆ ಈ ತಾಮ್ರಪಟವೂ ನಿಸ್ಸಂದೇಹವಾದುದಲ್ಲ. ಅದರ ನಾಗರೀಲಿಪಿಯು ಎಂಟನೆಯ ಶತಮಾನದ ನಡುಭಾಗಕ್ಕೆ ಒಪ್ಪದೆ ಈಚಿನದಾಗಿ ತೋರುವುದೆಂದು ವಿ. ಎಸ್. ಸುಖಟಣಕರರು ವಾದಿಸಿದರು, ಹಳೆಯ ಶಾಸನದ ಪ್ರತಿಯನ್ನು ಮುಂದಿನ ಕಾಲದವರು ಮಾಡಿಸಿರಬಹುದು. ಮತ್ತೊಂದು ಕಡೆ, ಚಾಲುಕ್ಯ ಇಮ್ಮಡಿ ಕೀರ್ತಿವರ್ಮನು 757ರಲ್ಲಿಯೂ ಭೀಮಾನದಿಯ ಉತ್ತರತೀರದಲ್ಲಿ ಬೀಡುಬಿಟ್ಟು ದಾನ ಮಾಡಿದುದನ್ನು ವಕ್ಕಲೇರಿಯ ಶಾಸನವು ತಿಳಿಸುವುದರಿಂದ, ದಂತಿದುರ್ಗನ ಗೆಲವು ಒಂದೇ ಪೆಟ್ಟಿಗೆ ಪೂರ್ಣವಾಗಲಿಲ್ಲವೆಂಬುದೂ ಸ್ಪಷ್ಟ. ಇದೆಲ್ಲಕ್ಕಿಂತ ಮುಖ್ಯವಾಗಿ, ಸಾಮಾನಗಡದಲ್ಲಿ ತಾಮ್ರಪಟ ಸಿಕ್ಕಿತೆಂದ ಮಾತ್ರಕ್ಕೆ ದಂತಿದುರ್ಗನ ಕಾಲಕ್ಕೆ ಗಡವಿದ್ದಿತೆಂದು ಹೇಳಲಾಗದು. ದಾನ ಪಡೆದವರು ಪಟವನ್ನು ಮನೆತನದ ಆಸ್ತಿಯಾಗಿ ಕಾಯ್ದುಕೊಂಡು ಊರಿಂದೂರಿಗೆ ಒಯ್ಯುವರು. ಕೋಟೆಯ ಗೋಡೆ ಹಾಗೆ ನಡೆಯುವುದಿಲ್ಲ.

ಶಿವಾಜಿಯ ಕಾಲಕ್ಕೆ ಬಂದರೆ ಕತ್ತಲು ಕಳೆಯುವುದು. ಅವನು ಗಡವನ್ನು ಬಲಪಡಿಸಿದನು. ಅವನ ಸರನೌಬತ, ಎಂದರೆ ಸೇನಾಪತಿ, ಪ್ರತಾಪರಾವ ಗುಜರನು 1674ರ ಫೆಬ್ರವರಿ 24ರಂದು ಬಿಜಾಪುರದ ಬಹಲೋಲಖಾನನ ಸೇನೆಯ ಮೇಲೆ ಆರೇ ಜನ ಸವಾರರೊಡನೆ ನುಗ್ಗಿ ಮಡಿದ ನೇಸರಿಯು ಇದೇ ತಾಲ್ಲೂಕಿನದು. ಕೊನೆಗೆ 1844ರಲ್ಲಿ, ಕೊಲ್ಲಾಪುರದ ದರಬಾರಿನ ಮೇಲೆ ಇಂಗ್ಲಿಷರು ನೇಮಿಸಿದ ದಾಜಿ ಕೃಷ್ಣ ಪಂಡಿತನ ಆಡಳಿತದಲ್ಲಿ, ವಂಶಪಾರಂಪರ್ಯವಾಗಿ ಗಡ ಕಾಯುತ್ತಿದ್ದ ಗಡಕರಿಗಳ ಭೂಮಿಗಳನ್ನು ಮಾಮಲೇದಾರರ ಕೈಗೊಪ್ಪಿಸಿದಾಗ, ಗಡಕರಿಗಳು ಮೊದಲು ಬಾಗಿಲಿಕ್ಕಿ ದಂಗೆಯೆದ್ದುದು ಸಾಮಾನಗಡದಲ್ಲಿಯೇ. ಅಕ್ಟೋಬರಿನಲ್ಲಿ ಕುಂಪಣಿಯ ಸೈನ್ಯವು ಗಡವನ್ನು ಲಗ್ಗೆಹತ್ತಿ ಹಿಡಿಯಿತು. ಗಡಕರಿಗಳ ಉಂಬಳಿಯ ಚಾಕರಿ ಅಲ್ಲಿಗೆ ಮುಗಿಯಿತು. ತಮ್ಮ ಭೂಮಿ, ತಮ್ಮ ಕಾಯಕಗಳಿಗಾಗಿ 1857ಕ್ಕೆ 13 ವರ್ಷ ಮೊದಲೇ ತೋಪಿಗೆ ಎದೆಯೊಡ್ಡಿದ ಆ ಜನರಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟವಾದರೂ ಸಲ್ಲಬೇಕಾಗಿದ್ದಿತು.

ನನ್ನ ಅಭಿಪ್ರಾಯವನ್ನು ಕೇಳುವವರಿಗೆ ಇಷ್ಟು ಹೇಳಬಲ್ಲೆ: ಭೋಜನ ಐತಿಹ್ಯವು ನಂಬಲರ್ಹವಾದ ಊಹೆ, ದಂತಿದುರ್ಗನ ಸಂಬಂಧವು ತಾಮ್ರಪಟದೊಡನೆಯೇ ಹೊರತು ಗಡದೊಡನಲ್ಲ, ಇಂದು ಕಾಣುವ ಗೋಡೆಗಳ ಮೇಲೆ ಮರಾಠರ ಕೈ ಬಿದ್ದಿದೆ. ಅವುಗಳ ತಳದಲ್ಲಿ ಇನ್ನೂ ಹಳೆಯ ಪಂಕ್ತಿ ಇದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಕ್ರಮವಾದ ಉತ್ಖನನವೊಂದೇ ಮಾರ್ಗ. 1940ರ ದಶಕದಲ್ಲಿ ಕೊಲ್ಲಾಪುರದ ಬ್ರಹ್ಮಪುರಿಯ ದಿಬ್ಬವನ್ನು ಅಗೆದು ಸಾತವಾಹನರ ಕಾಲದ ಪಟ್ಟಣವನ್ನು ಬೆಳಕಿಗೆ ತಂದಂತೆ, ಈ ಮಾಳದಲ್ಲಿಯೂ ಗುದ್ದಲಿ ಇಡುವವರು ಮುಂದೆ ಬರಬೇಕು. ಅಲ್ಲಿಯವರೆಗೆ ಸುತ್ತಲಿನ ಹಳ್ಳಿಗರಲ್ಲಿ ನನ್ನದೊಂದು ವಿಜ್ಞಾಪನೆ: ಬಿದ್ದ ಬುರುಜಿನ ಕಲ್ಲನ್ನು ಮನೆಯ ಪಾಯಕ್ಕೆ ಒಯ್ಯಬೇಡಿರಿ, ಊರ ಹಿರಿಯರು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಗಡದ ಕುರಿತು ಹೇಳುವ ಮಾತನ್ನು ಹೇಳಿದಂತೆಯೇ ಬರೆದಿಡಿರಿ.