ತಪ್ಪು ನೆಲದ್ದಾಗಿರಲಿಲ್ಲ

ಮಳೆಗಾಲದಲ್ಲಿ ಕುರಿ ಕುಂಟತೊಡಗಿದರೆ ಕುರಿಗಾಹಿ ಮೊದಲು ಬೈಯುವುದು ಕೆಸರನ್ನು. ಗೊರಸಿನ ಸಂದು ಕೆಂಪಾಗುತ್ತದೆ. ಗೊರಸಿನ ಗಟ್ಟಿ ಭಾಗ ಒಳಗಿನ ಮಾಂಸದಿಂದ ಬಿಟ್ಟುಕೊಂಡು ದುರ್ವಾಸನೆ ಬರುತ್ತದೆ. ನಿಲ್ಲಲಾಗದ ಕುರಿ ಮಂಡಿಯೂರಿ ಮೇಯುತ್ತದೆ. ಇದೇ ಗೊರಸು ಕೊಳೆ ರೋಗ. ತೇವದ ನೆಲದಿಂದಲೇ ಇದು ಹುಟ್ಟುತ್ತದೆಂದು ನಂಬಿದವರು ಬಹಳ ಕಾಲ ಇದ್ದರು. ನೆಲವೇ ಕೆಟ್ಟದ್ದಾದರೆ ಕುರಿಗಾಹಿ ಮಾಡುವುದಾದರೂ ಏನು?

ಆಸ್ಟ್ರೇಲಿಯಾದ ಪಶುವೈದ್ಯ ವಿಜ್ಞಾನಿ ಡಬ್ಲ್ಯು. ಐ. ಬಿ. ಬೆವರಿಜ್ 1941ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಶ್ನೆಗೆ ಉತ್ತರ ನೀಡಿತು. ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಇಂದು ಅದರ ಹೆಸರು ಡೈಕೆಲೋಬ್ಯಾಕ್ಟರ್ ನೊಡೋಸಸ್. ಹರಡಲು ಅದಕ್ಕೆ ತೇವವೂ ಬೆಚ್ಚಗಿನ ಹವೆಯೂ ಬೇಕು, ನಿಜ. ಆದರೆ ಅದರ ನೆಲೆ ಗೊರಸು. ಕುರಿಗಳಿಲ್ಲದ ಹುಲ್ಲುಗಾವಲಿನಲ್ಲಿ ಅದು ಎರಡು ವಾರಕ್ಕಿಂತ ಹೆಚ್ಚು ಬದುಕದು.

ಹೀಗೆ ಹತಾಶೆಯ ಜಾಗದಲ್ಲಿ ಒಂದು ಕ್ರಮ ಬಂತು. ಒಣ ಹವೆಯಲ್ಲಿ ಪ್ರತಿ ಕುರಿಯ ನಾಲ್ಕೂ ಗೊರಸುಗಳನ್ನು ನೋಡುವುದು, ಮೈಲುತುತ್ತ ಅಥವಾ ಜಿಂಕ್ ಸಲ್ಫೇಟ್ ಕರಗಿಸಿದ ನೀರಿನಲ್ಲಿ ಅವುಗಳನ್ನು ನಿಲ್ಲಿಸುವುದು, ಗುಣವಾಗದವನ್ನು ಹಿಂಡಿನಿಂದ ತೆಗೆಯುವುದು, ಉಳಿದವನ್ನು ಎರಡು ವಾರ ಖಾಲಿ ಬಿಟ್ಟ ಬಯಲಿಗೆ ಹೊಡೆಯುವುದು. ರೋಗಪೀಡಿತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಸ್ವತಃ ಅವರು ಮಕ್ಕಾದಲ್ಲಿ ಕುರಿ ಕಾದವರು.

ಆದರೆ ಬೇಲಿ ಹಾಕಿದ ದೊಡ್ಡ ಜಮೀನಿನ ಒಡೆಯನಿಗೆ ಸಾಧ್ಯವಾದದ್ದು ಅಲೆಮಾರಿ ಕುರಿಗಾಹಿಗೆ ಸಾಧ್ಯವೇ? ಅವನಿಗೆ ಖಾಲಿ ಬಿಡಲು ಸ್ವಂತ ಬಯಲಿಲ್ಲ. ಹತ್ತು ಕುರಿ ತೆಗೆದರೆ ಅವನ ವರ್ಷದ ಗಂಜಿಯೇ ಹೋಯಿತು.

ಇದಕ್ಕೆ ದಾರಿ ಕಂಡದ್ದು ನೇಪಾಳದಲ್ಲಿ. ಈ ರೋಗಾಣುವಿನಲ್ಲಿ ಹತ್ತು ಗುಂಪುಗಳಿವೆ. ಎಲ್ಲವನ್ನೂ ಒಂದೇ ಲಸಿಕೆಯಲ್ಲಿ ಸೇರಿಸಿದರೆ ರಕ್ಷಣೆ ದುರ್ಬಲವಾಗುತ್ತದೆ. 1990ರ ದಶಕದಲ್ಲಿ ನೇಪಾಳದ ಮತ್ತು ಆಸ್ಟ್ರೇಲಿಯಾದ ತಜ್ಞರು ಅಲ್ಲಿನ ವಲಸೆ ಹಿಂಡುಗಳಲ್ಲಿದ್ದ ಗುಂಪುಗಳಿಗೆ ಮಾತ್ರ ಲಸಿಕೆ ತಯಾರಿಸಿ ಕುರಿ, ಮೇಕೆಗಳಿಗೆ ಚುಚ್ಚಿದರು. ಆ ಪ್ರದೇಶದಲ್ಲಿ ರೋಗದ ಉಗ್ರ ರೂಪ ಇಲ್ಲವಾಯಿತು.

ಕಾಶ್ಮೀರದ ಕುರಿಗಳಲ್ಲೂ 2000ರ ದಶಕದಿಂದ ವಿಜ್ಞಾನಿಗಳು ಈ ರೋಗಾಣುವನ್ನು ಗುರುತಿಸಿದ್ದಾರೆ. ಅಲ್ಲಿ ಹೆಚ್ಚಾಗಿ ಕಂಡದ್ದು 'ಬಿ' ಗುಂಪು. ಬೇಸಿಗೆಗೆ ಬೆಟ್ಟ ಹತ್ತಿ, ಚಳಿಗೆ ಜಮ್ಮುವಿನ ತಗ್ಗಿಗಿಳಿಯುವ ಬಕರ್ವಾಲರಿಗೆ ನಡೆಯಲಾಗದ ಕುರಿ ಎಂದರೆ ದಾರಿಯಲ್ಲೇ ಕಳೆದುಕೊಂಡ ಕುರಿ. ಅವರ ಹಿಂಡಿನಲ್ಲಿ ಯಾವ ಗುಂಪಿನ ರೋಗಾಣುವಿದೆಯೆಂದು ತಿಳಿದರಷ್ಟೇ ಸಾಲದು, ಅದಕ್ಕೆ ತಕ್ಕ ಲಸಿಕೆ ಅವರು ನಡೆಯುವ ದಾರಿಗೆ ತಲುಪಬೇಕು.